ಕೆಳರೆಪ್ಪೆಯನ್ನು ಹೊಸದಾಗಿ ಕಟ್ಟಿದ ಮೇಲೆ ಕಣ್ಣು ಮುಚ್ಚಿಡುವುದು ಯಾಕೆ?

ಪ್ರಶ್ನೆ: ನಮ್ಮಪ್ಪನಿಗೆ 64 ವರ್ಷ, ಗದ್ದೆ ಕೆಲಸ. ಎಡಗಣ್ಣಿನ ಕೆಳರೆಪ್ಪೆಯ ಹುಣ್ಣು ಎರಡು ವರ್ಷವಾದರೂ ಮಾಯಲಿಲ್ಲ. ಬಯಾಪ್ಸಿಯಲ್ಲಿ ಬೇಸಲ್ ಸೆಲ್ ಕಾರ್ಸಿನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಎಂದು ಬಂದಿದೆ. ಅರ್ಧಕ್ಕಿಂತ ಹೆಚ್ಚು ರೆಪ್ಪೆ ತೆಗೆಯಬೇಕಂತೆ, ಆಮೇಲೆ ತಿಂಗಳುಗಟ್ಟಲೆ ಕಣ್ಣು ಮುಚ್ಚಿರುತ್ತದಂತೆ. ತೊಡೆಯ ಚರ್ಮ ಹಾಕಿ ಒಂದೇ ಸಲಕ್ಕೆ ಮುಗಿಸಲು ಬರುವುದಿಲ್ಲವೇ?
– ಓದುಗರು, ಸಿರುಗುಪ್ಪ

ಉತ್ತರ: ಬರೀ ಚರ್ಮ ಸಾಲದು. ರೆಪ್ಪೆಗೆ ಎರಡು ಪದರ. ಹೊರಗೆ ಚರ್ಮ, ಸ್ನಾಯು. ಒಳಗೆ ಟಾರ್ಸಸ್ ಎಂಬ ಗಟ್ಟಿ ಪಟ್ಟಿ, ಅದಕ್ಕಂಟಿದ ನುಣುಪು ಲೋಳೆಪೊರೆ. ಒಳಪದರವಿಲ್ಲದೆ ಚರ್ಮವೇ ತಾಗಿದರೆ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪೊರೆ) ಉಜ್ಜಿ ಹುಣ್ಣಾಗುತ್ತದೆ. ಎರಡೂ ಪದರಗಳನ್ನು ಬೇರೆ ಕಡೆಯಿಂದ ಕತ್ತರಿಸಿ ತಂದು ಹಾಕಿದರೆ ಯಾವುದಕ್ಕೂ ಸ್ವಂತ ರಕ್ತವಿಲ್ಲ, ಎರಡೂ ಕಪ್ಪಾಗಿ ಸಾಯುತ್ತವೆ.

ಕಾಲುಭಾಗ ಹೋದರೆ ಎರಡು ತುದಿ ಎಳೆದು ಹೊಲಿಯಬಹುದು. ವಯಸ್ಸಾದವರ ರೆಪ್ಪೆ ಸಡಿಲವಾದ್ದರಿಂದ ಮೂರರಲ್ಲೊಂದು ಭಾಗ ಹೋದರೂ ಕೂಡುತ್ತದೆ. ಅರ್ಧದವರೆಗೆ ಪಕ್ಕದ ಚರ್ಮ ಸರಿಸಿ ನಿಭಾಯಿಸುತ್ತಾರೆ. ಅದನ್ನು ಮೀರಿದರೆ ಸಾಮಾನ್ಯವಾಗಿ ಹ್ಯೂಸ್ ಫ್ಲಾಪ್ ಎಂಬ ಶಸ್ತ್ರಕ್ರಿಯೆ. ಮೇಲ್ರೆಪ್ಪೆ ಮಗುಚಿ, ಅಂಚಿನಿಂದ 4 ಮಿ.ಮೀ. ಬಿಟ್ಟು, ಮಿಕ್ಕ ಟಾರ್ಸಸ್ಸನ್ನು ಲೋಳೆಪೊರೆ ಸಮೇತ ಕೆಳಗಿಳಿಸಿ ಹೊಲಿಯುತ್ತಾರೆ. ಆ 4 ಮಿ.ಮೀ.ನಲ್ಲಿ ಜಿಪುಣತನ ಮಾಡಿದರೆ ಮೇಲ್ರೆಪ್ಪೆಯೇ ಒಳಮಡಚುತ್ತದೆ. ಹೊರಗಿನ ಚರ್ಮ ಇನ್ನೊಂದು ಕಣ್ಣಿನ ಮೇಲ್ರೆಪ್ಪೆಯಿಂದಲೋ ಕಿವಿಯ ಹಿಂದಿನಿಂದಲೋ ಬರುತ್ತದೆ. ತೊಡೆಯದು ದಪ್ಪ, ಬಣ್ಣವೂ ಹೊಂದದು. ಇಳಿಸಿದ ಪಟ್ಟಿಗೆ ರಕ್ತ ಮೇಲಿನಿಂದಲೇ ಬರಬೇಕು, ಮೇಲ್ರೆಪ್ಪೆಗೆ ಅಂಟಿಕೊಂಡೇ ಇರುವ ಲೋಳೆಪೊರೆ ಪರದೆಯಂತೆ ಕಣ್ಣು ಮುಚ್ಚಿರುವುದು ಅದಕ್ಕೇ. ಕೆಳಗೆ ಹೊಸ ರಕ್ತನಾಳ ಕೂಡಿದ ಮೇಲೆ, ಸಾಮಾನ್ಯವಾಗಿ 3ರಿಂದ 6 ವಾರಕ್ಕೆ, ಆ ಪರದೆಯನ್ನು ಕತ್ತರಿಸುತ್ತಾರೆ. ಅದು ಸಣ್ಣ ಕೆಲಸ. ಅಪ್ಪನವರ ಬಲಗಣ್ಣಿನ ದೃಷ್ಟಿ ಮಂದವಿದ್ದರೆ ಈಗಲೇ ಹೇಳಿ, ಬೇರೆ ದಾರಿ ಹುಡುಕಬೇಕಾಗುತ್ತದೆ.

ನೀವು ಕೇಳದ, ಆದರೆ ಕೇಳಲೇಬೇಕಾದ ಮಾತು: ತೆಗೆದ ಭಾಗದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿಲ್ಲವೇ? ಗಡ್ಡೆಯ ಸುತ್ತ 3–4 ಮಿ.ಮೀ. ಒಳ್ಳೆಯ ಚರ್ಮ ಸೇರಿಸಿ ತೆಗೆದು, ಫ್ರೋಜನ್ ಸೆಕ್ಷನ್‌ನಲ್ಲಿ (ಶಸ್ತ್ರಕ್ರಿಯೆ ನಡೆಯುತ್ತಿರುವಾಗಲೇ ತುಣುಕನ್ನು ಹೆಪ್ಪುಗಟ್ಟಿಸಿ ನೋಡುವ ಪರೀಕ್ಷೆ) ಖಚಿತವಾದ ಮೇಲೆಯೇ ರೆಪ್ಪೆ ಕಟ್ಟಬೇಕು. ಆ ಸೌಲಭ್ಯವಿಲ್ಲದ ಕಡೆ ಮುಲಾಮು ಹಚ್ಚಿ ಪಟ್ಟಿ ಕಟ್ಟಿ, ಎರಡು ಮೂರು ದಿನ ವರದಿಗೆ ಕಾದು ಹೊಲಿದರೂ ನಷ್ಟವಿಲ್ಲ.

ಗ್ರಾಫ್ಟ್, ಅಂದರೆ ತಂದು ಹೊಲಿದ ಚರ್ಮದ ಅಡಿ ರಕ್ತ ಕಟ್ಟಿದರೆ ಅದು ಹಿಡಿಯುವುದಿಲ್ಲ. ಆದ್ದರಿಂದ 5–7 ದಿನದ ಒತ್ತುಪಟ್ಟಿಯನ್ನು ಮನೆಯಲ್ಲಿ ಬಿಚ್ಚಬೇಡಿ. ಬೀಡಿ ಸೇದುವವರಾದರೆ ನಿಲ್ಲಿಸಲಿ. ಹೃದಯಕ್ಕೆಂದು ಆಸ್ಪಿರಿನ್ ನುಂಗುತ್ತಿದ್ದರೆ ತಾವಾಗಿ ಬಿಡದೆ ವೈದ್ಯರನ್ನು ಕೇಳಲಿ. ಬಗ್ಗಿ ಮಾಡುವ ನಾಟಿ ಕೆಲಸ ಕೆಲವು ವಾರ ಬೇಡ. ನಮ್ಮ ಬಳ್ಳಾರಿ ಕಡೆಯ ಧೂಳಿಗೆ ಪಕ್ಕ ಮುಚ್ಚುವ ಕನ್ನಡಕ ಬೇಕೇ ಬೇಕು. ಗಾಯ ಮಾಯುತ್ತಾ ಚರ್ಮ ಕುಗ್ಗಿ ರೆಪ್ಪೆಯನ್ನು ಕೆಳಗೆಳೆಯುತ್ತದೆ. ವೈದ್ಯರು ಹೇಳಿದ ದಿನದಿಂದ ಮುಲಾಮು ಹಚ್ಚಿ ಮೇಲ್ಮುಖವಾಗಿ ತೀಡಿ.

ಪ್ರಶ್ನೆ: ಅಮ್ಮನ ಮೇಲ್ರೆಪ್ಪೆಯ ಗುಳ್ಳೆ ಎರಡು ಸಲ ಕೊಯ್ದರೂ ಅದೇ ಜಾಗದಲ್ಲಿ ಮತ್ತೆ ಬಂದಿದೆ. ಮತ್ತೆ ಕೊಯ್ಸಬೇಕೇ?
– ಓದುಗರು, ಗಂಗಾವತಿ

ಉತ್ತರ: ಸುಮ್ಮನೆ ಕೊಯ್ದು ಬಿಸಾಡುವುದು ಬೇಡ, ಬಯಾಪ್ಸಿಗೆ ಕಳಿಸಿ. ಎಣ್ಣೆಗ್ರಂಥಿಯ ಕ್ಯಾನ್ಸರ್ ಹೀಗೇ ಗುಳ್ಳೆಯ ವೇಷದಲ್ಲಿರುತ್ತದೆ. ನಮ್ಮ ದೇಶದಲ್ಲಿ ಅದು ಅಪರೂಪವೇನಲ್ಲ. ಅಲ್ಲಿ ರೆಪ್ಪೆಗೂದಲು ಉದುರಿದ್ದರೆ, ಆ ಒಂದೇ ಕಣ್ಣು ಸದಾ ಕೆಂಪಗಿದ್ದರೆ ಅನುಮಾನ ಹೆಚ್ಚು. ಕಿವಿಯ ಮುಂದೆ, ಕತ್ತಿನಲ್ಲಿ ಗಂಟಿದೆಯೇ ಎಂದೂ ವೈದ್ಯರಿಂದ ಮುಟ್ಟಿ ನೋಡಿಸಿ.