ಅಪ್ಪ ಅಮ್ಮ ಬರುವ ಮೊದಲು ಆ ಕಾರಿನ ಕಾಗದ ಸರಿ ಮಾಡಿಕೊಳ್ಳಿ

ನಮಸ್ಕಾರ. ನೀವು ಬರೆದದ್ದನ್ನು ಎರಡು ಸಲ ಓದಿದೆ. ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿದ್ದೀರಿ, ಪೆಟ್ರೋಲ್ ಜೊತೆ ಬ್ಯಾಟರಿಯಲ್ಲೂ ಓಡುವ ಹೊಸ ಹೈಬ್ರಿಡ್ ಕಾರು ತೆಗೆದುಕೊಂಡು 13 ತಿಂಗಳಾಗಿದೆ, 9,000 ಮೈಲಿ ಓಡಿದೆ. ಹೈಬ್ರಿಡ್ ಸಿಸ್ಟಮ್, ಬ್ರೇಕ್, ಮುಂದಿನ ಕ್ಯಾಮೆರಾ, ಮೂರರ ಲೈಟೂ ಒಟ್ಟಿಗೆ ಬರುತ್ತವೆ, ಮಾರನೇ ದಿನ ತಾವಾಗಿಯೇ ಹೋಗುತ್ತವೆ. ಶೋರೂಮಿಗೆ ಮೂರು ಸಲ ಹೋದಿರಿ, ಮೂರು ಸಲವೂ "ಏನೂ ಸಿಗಲಿಲ್ಲ" ಅಂತ ವಾಪಸ್ ಕಳಿಸಿದರು. ಹಾಗೇ ಓಡಿಸಬಹುದಾ, ಮಾರಿಬಿಡಲಾ, ಇನ್ಶೂರೆನ್ಸ್‌ನವರು ಏನಾದರೂ ಕೊಡುತ್ತಾರಾ, ಹೊರಗಿನ ಮೆಕ್ಯಾನಿಕ್‌ಗೆ ತೋರಿಸಿದರೆ ವಾರಂಟಿ ಹೋಗುತ್ತಾ ಅಂತೆಲ್ಲ ಕೇಳಿದ್ದೀರಿ. ಕೊನೆಯಲ್ಲಿ ಒಂದು ಸಾಲು, ಮೇ ತಿಂಗಳಲ್ಲಿ ಅಪ್ಪ ಅಮ್ಮ ಹಾಸನದಿಂದ ಬರುತ್ತಿದ್ದಾರೆ, ಇದೇ ಕಾರಿನಲ್ಲಿ ಯೋಸೆಮಿಟಿ ನ್ಯಾಷನಲ್ ಪಾರ್ಕಿಗೆ ಕರೆದುಕೊಂಡು ಹೋಗಬೇಕು ಅಂತ. ಆ ಸಾಲು ಓದಿದ ಮೇಲೆ ಉತ್ತರ ಬರೆಯದೆ ಮಲಗಲು ಮನಸ್ಸು ಬರಲಿಲ್ಲ.

ಚಿಕ್ಕ ಪ್ರಶ್ನೆಗಳನ್ನು ಮೊದಲು ಮುಗಿಸುತ್ತೇನೆ. ಇನ್ಶೂರೆನ್ಸ್ ಅಪಘಾತಕ್ಕೆ, ಕಳ್ಳತನಕ್ಕೆ. ಇದಕ್ಕೆ ಬರುವುದಿಲ್ಲ. ಹೊರಗೆ ತೋರಿಸಿದ ಮಾತ್ರಕ್ಕೆ ವಾರಂಟಿ ಹೋಗುವುದಿಲ್ಲ, 1975ರಿಂದ ಅದಕ್ಕೆ ಇಲ್ಲಿ ಕೇಂದ್ರದ ಕಾನೂನೇ ಇದೆ. ಆದರೆ ವಾರಂಟಿ ಇರುವಾಗ ಕೈಯಿಂದ ದುಡ್ಡು ಹಾಕಿ ಯಾಕೆ ಮಾಡಿಸಬೇಕು? ಮಾರುವ ಮಾತು ಈಗ ಬೇಡ.

ನಾನು 2004ರಲ್ಲಿ ತಿಪಟೂರಿನಿಂದ ಫ್ರೀಮಾಂಟ್‌ಗೆ ಬಂದವನು. ಊರಿನಲ್ಲಿ ನಮ್ಮ ಮನೆಗೆ ಇದ್ದದ್ದು ಅಪ್ಪನ ಸ್ಕೂಟರ್ ಒಂದೇ. ಅದಕ್ಕೆ ಲೈಟ್ ಗೀಟ್ ಏನೂ ಇರಲಿಲ್ಲ, ಮೆಕ್ಯಾನಿಕ್ ಶಬ್ದ ಕೇಳಿ "ಪ್ಲಗ್ ನೋಡಬೇಕು ಸರ್" ಅನ್ನುತ್ತಿದ್ದ, ಆಯಿತು. ಇಲ್ಲಿ ಬಂದು ಜೊತೆಗೆ ಕೆಲಸ ಮಾಡುವವರೊಬ್ಬರ ಹತ್ತು ವರ್ಷದ ಹಳೇ ಕಾರನ್ನು 2,800 ಡಾಲರ್‌ಗೆ ತೆಗೆದುಕೊಂಡೆ. ಮೂರನೇ ವಾರಕ್ಕೆ ಇಂಜಿನ್ ಚಿತ್ರದ ಹಳದಿ ಲೈಟ್ ಬಂತು. ಕೈಯಲ್ಲಿ ದುಡ್ಡಿಲ್ಲ, ಕೇಳಲು ಜನ ಇಲ್ಲ. ಎರಡು ತಿಂಗಳು ಆ ಲೈಟ್ ನೋಡಿಕೊಂಡೇ ಓಡಿಸಿದೆ, ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಒಂದು ದಿನ ಪೆಟ್ರೋಲ್ ಬಂಕಿನಲ್ಲಿದ್ದ ವಯಸ್ಸಾದ ಸರ್ದಾರ್‌ಜಿ ಒಬ್ಬರು ಬಂದು, ಟ್ಯಾಂಕಿನ ಮುಚ್ಚಳವನ್ನು ಟಕ್ ಟಕ್ ಟಕ್ ಅಂತ ಮೂರು ಸಲ ಶಬ್ದ ಬರುವಂತೆ ತಿರುಗಿಸಿ, "ಕೆಲವು ದಿನ ಓಡಿಸು, ಹೋಗುತ್ತೆ" ಅಂದರು. ಹೋಯಿತು. ಮುಚ್ಚಳ ಬಿಗಿ ಇಲ್ಲದೆ ಪೆಟ್ರೋಲ್ ಆವಿ ಹೊರಗೆ ಹೋಗುತ್ತಿತ್ತು, ಅಷ್ಟೇ. ಅವತ್ತು ಆದ ಸಂತೋಷ ಇವತ್ತಿಗೂ ನೆನಪಿದೆ. ಆದರೆ ಅವತ್ತೇ ನನ್ನ ತಲೆಯಲ್ಲಿ ಒಂದು ತಪ್ಪು ಕೂತುಬಿಟ್ಟಿತು. ಹಳದಿ ಲೈಟ್ ಅಂದರೆ ಸುಮ್ನೆ ಬರುತ್ತೆ, ಸುಮ್ನೆ ಹೋಗುತ್ತೆ ಅಂತ.

ಈಗ ನಿಮ್ಮ ಕಾರು. ನೀವು ಬರೆದಿರುವುದರಲ್ಲಿ ಎರಡು ವಿಷಯ ನನ್ನ ಕಣ್ಣಿಗೆ ಬಿತ್ತು. ಮನೆಯಿಂದಲೇ ಕೆಲಸ, ಕಾರು ನಾಲ್ಕೈದು ದಿನ ನಿಂತಲ್ಲೇ ನಿಂತಿರುತ್ತದೆ. ಜೊತೆಗೆ ನಿಂತಾಗಲೂ ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್ ಹಾಕಿಸಿದ್ದೀರಿ. ಹಾಗಿದ್ದರೆ ಮೊದಲು 12 ವೋಲ್ಟ್ ಬ್ಯಾಟರಿ ನೋಡಿಸಿ. ಹೈಬ್ರಿಡ್‌ನಲ್ಲಿ ಬ್ಯಾಟರಿ ಎರಡು ಇರುತ್ತವೆ ಅಲ್ವಾ. ಚಕ್ರ ತಿರುಗಿಸುವುದು ದೊಡ್ಡದು. ಆದರೆ ಕಾರನ್ನು ಎಬ್ಬಿಸುವುದು, ಕಂಪ್ಯೂಟರ್‌ಗಳಿಗೆಲ್ಲ ಕರೆಂಟ್ ಕೊಡುವುದು ಚಿಕ್ಕ 12 ವೋಲ್ಟಿನದು. ಎಷ್ಟೋ ಕಾರುಗಳಲ್ಲಿ ಅದು ಡಿಕ್ಕಿಯಲ್ಲೋ ಹಿಂದಿನ ಸೀಟಿನ ಕೆಳಗೋ ಇರುತ್ತದೆ. ಕಾರು ನಿಂತಿದ್ದಾಗ ಕ್ಯಾಮ್ ಅದರಿಂದಲೇ ಕರೆಂಟ್ ಎಳೆಯುತ್ತದೆ. ಅದು ಸೊರಗಿದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ನಾಲ್ಕು ಲೈಟ್ ಒಟ್ಟಿಗೆ ಬರುತ್ತವೆ, ಒಂದು ಗಂಟೆ ಓಡಿಸಿದರೆ ಚಾರ್ಜ್ ಆಗಿ ಹೋಗುತ್ತವೆ. ಶೋರೂಮಿಗೆ ನೀವು ಓಡಿಸಿಕೊಂಡು ಹೋಗುವಷ್ಟರಲ್ಲಿ ಅದು ಚೇತರಿಸಿಕೊಂಡಿರುತ್ತದೆ. ಒಂದು ಮಲ್ಟಿಮೀಟರ್ ತೆಗೆದುಕೊಳ್ಳಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಿಗ್ಗೆ 12.6ರ ಹತ್ತಿರ ತೋರಿಸಿದರೆ ಚೆನ್ನಾಗಿದೆ, 12.2ಕ್ಕಿಂತ ಕೆಳಗೆ ಇದ್ದರೆ ಸರಿಯಿಲ್ಲ. ಕ್ಯಾಮ್ ಒಂದು ವಾರ ಕಿತ್ತಿಟ್ಟು ನೋಡಿ. ಕಿತ್ತಳೆ ಬಣ್ಣದ ವೈರ್ ಎಲ್ಲಿ ಕಂಡರೂ ಕೈ ಹಾಕಬೇಡಿ, ಅದು ದೊಡ್ಡ ಬ್ಯಾಟರಿಯ ಲೈನು, ಜೀವಕ್ಕೆ ಅಪಾಯ.

ಬ್ಯಾಟರಿ ಇರಬಹುದು ಅಂದೆ, ಅದೇ ಅಂತ ಹೇಳಲಿಲ್ಲ. ನಿಮ್ಮ ಲೈಟುಗಳಲ್ಲಿ ಬ್ರೇಕಿನದೂ ಇದೆ. ಹಳದಿ ಅಂದರೆ ಬೇಗ ತೋರಿಸಿ, ಕೆಂಪು ಅಂದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಬ್ರೇಕ್ ಲೈಟ್ ಕೆಂಪಾಗಿ ಬಂದರೆ ಮನೆವರೆಗೂ ಹೋಗೋಣ ಅನ್ನಬೇಡಿ.

ಇನ್ನು ನನ್ನ ಕಥೆ. ಇದನ್ನು ಹೇಳಬೇಕು ಅಂತಲೇ ಇಷ್ಟು ಬರೆಯುತ್ತಿದ್ದೇನೆ.

2016ರ ಫೆಬ್ರವರಿಯಲ್ಲಿ ನಾನೂ ಹೊಸ ಹೈಬ್ರಿಡ್ ತೆಗೆದುಕೊಂಡೆ. ಯಾವ ಕಂಪನಿ ಅಂತ ಬೇಡ. ಬೇಸಿಗೆಗೆ ಹೈಬ್ರಿಡ್ ಸಿಸ್ಟಮ್ ಲೈಟ್ ಶುರುವಾಯಿತು. ಬರುವುದು, ಹೋಗುವುದು. ಒಂದು ವರ್ಷದಲ್ಲಿ ಐದು ಸಲ ಶೋರೂಮಿಗೆ ಹೋದೆ. ಸರ್ವಿಸ್ ಅಡ್ವೈಸರ್ ಒಳ್ಳೆಯ ಹುಡುಗ, ಹೆಸರು ಹಿಡಿದು ಮಾತಾಡಿಸುತ್ತಿದ್ದ. ಮೂರು ಸಲ ಅವನು ಪಾರ್ಕಿಂಗ್‌ಗೇ ಬಂದು, ಕೈಯಲ್ಲಿದ್ದ ಸ್ಕ್ಯಾನರ್ ಚುಚ್ಚಿ, ನೋಡಿ, ಯಾವ ತೊಂದರೆ ಅಂತ ಕಾರಿನ ಕಂಪ್ಯೂಟರ್ ಗುರುತು ಹಾಕಿಕೊಂಡಿದ್ದ ಕೋಡ್ ಅಳಿಸಿ, "ಮತ್ತೆ ಬಂದರೆ ಬನ್ನಿ" ಅಂದ. ನಾನು ಪರವಾಗಿಲ್ಲ ಬಿಡಿ, ಥ್ಯಾಂಕ್ಸ್ ಅಂತ ಬಂದೆ. ಕಾಗದ ಕೇಳಲಿಲ್ಲ. ನಮಗೆ ಅದು ಸಂಕೋಚ, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬ ಮನುಷ್ಯ ನಗುನಗುತ್ತಾ ಸಹಾಯ ಮಾಡುತ್ತಿರುವಾಗ "ಬರೆದುಕೊಡು" ಅನ್ನುವುದು ಅವನನ್ನು ನಂಬದ ಹಾಗೆ ಅಲ್ವಾ. ಕಾಗದ ಆದದ್ದು ಎರಡೇ ಸಲ. ಎರಡರಲ್ಲೂ "ತೊಂದರೆ ಕಂಡುಬಂದಿಲ್ಲ" ಅಂತ ಒಂದೇ ಸಾಲು.

2017ರ ಸೆಪ್ಟೆಂಬರ್‌ನಲ್ಲಿ ಅಮ್ಮ ಬಂದರು. ಮೊದಲನೇ ಸಲ. 71 ವರ್ಷ, ಮಂಡಿ ನೋವು. ಆಯುಧಪೂಜೆ ದಿನ ಕಾರನ್ನು ಅಮ್ಮನೇ ತೊಳೆಸಿ, ಸ್ಟಿಯರಿಂಗ್‌ಗೆ ಕುಂಕುಮ ಇಟ್ಟು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ಮಾರನೇ ದಿನ ವಿಜಯದಶಮಿ, ಶನಿವಾರ. ಲಿವರ್‌ಮೋರ್‌ನ ಶಿವ ವಿಷ್ಣು ದೇವಸ್ಥಾನಕ್ಕೆ ಹೊರಟೆವು. ತಟ್ಟೆಯಲ್ಲಿ ಕಾಯಿ, ಹೂವು ಇಟ್ಟುಕೊಂಡು ಅಮ್ಮ ಮುಂದಿನ ಸೀಟಿನಲ್ಲಿ. ಮನೆ ಬಿಟ್ಟ ಐದು ನಿಮಿಷಕ್ಕೆ, "ಅದೇನೋ ಹಳದಿ ದೀಪ ಬಂತಲ್ಲೋ, ಮೊನ್ನೆಯೂ ಬಂದಿತ್ತು" ಅಂದರು. "ಅದು ಸುಮ್ನೆ ಬರುತ್ತೆ ಅಮ್ಮ" ಅಂದೆ.

680 ಫ್ರೀವೇಯಲ್ಲಿ ಫ್ರೀಮಾಂಟ್ ದಾಟಿದರೆ ಸುನೋಲ್ ಏರು ಸಿಗುತ್ತದೆ, ನಿಮಗೂ ಗೊತ್ತಿರಬಹುದು. ಏಸಿ ಹಾಕಿದ್ದೆ, ಕಾರಿನಲ್ಲಿ ನಾಲ್ಕು ಜನ. ಅರ್ಧ ಏರಿನಲ್ಲಿ ಸಿಸ್ಟಮ್ ಬಿಸಿಯಾಗಿದೆ ಅಂತ ಕಾರಿನ ಪರದೆ ಮೇಲೆ ಬಂತು, ಕಾಲು ಒತ್ತಿದರೆ ಪಿಕಪ್ ಇಲ್ಲ. 65 ಮೈಲಿ ವೇಗದಲ್ಲಿದ್ದ ಕಾರು 25ಕ್ಕೆ ಬಂತು. ಹಿಂದೆ ಲಾರಿ ಹಾರ್ನ್. ಹೇಗೋ ಬಲಗಡೆ ಅಂಚಿಗೆ ತಂದೆ. ಒಂದೊಂದು ಲಾರಿ ಹೋದಾಗಲೂ ಕಾರು ಅಲುಗಾಡುತ್ತಿತ್ತು. ಅಮ್ಮ ತಟ್ಟೆ ಬಿಟ್ಟಿರಲಿಲ್ಲ, ಎರಡೂ ಕೈಯಲ್ಲಿ ಹಿಡಿದೇ ಇದ್ದರು, ಹೂವೆಲ್ಲ ಕಾಲ ಹತ್ತಿರ ಚೆಲ್ಲಿತ್ತು. ಕಾರು ಎಳೆಯುವ ಟ್ರಕ್ ಬರಲು ಒಂದೂವರೆ ಗಂಟೆ. ಆ ಟ್ರಕ್ಕಿನ ಎತ್ತರದ ಮೆಟ್ಟಿಲು ಹತ್ತಲು ಅವರ ಮಂಡಿಗೆ ಆಗದೆ, ನಾನೂ ನನ್ನ ಹೆಂಡತಿಯೂ ಸೇರಿ ಹತ್ತಿಸಿದೆವು. ದೇವಸ್ಥಾನಕ್ಕೆ ಹೋಗಲಿಲ್ಲ, ಮನೆಗೆ ವಾಪಸ್ ಬಂದೆವು. ಆಮೇಲೆ ಡಿಸೆಂಬರ್‌ವರೆಗೂ ಇದ್ದರು, ಒಂದು ಸಲವೂ ಫ್ರೀವೇ ಮೇಲೆ ಬರಲು ಒಪ್ಪಲಿಲ್ಲ. ಎಲಿಜಬೆತ್ ಕೆರೆ ಸುತ್ತ ಸಾಯಂಕಾಲ ಸ್ವಲ್ಪ ನಡೆಯುವುದು, ಮನೆ, ಇಷ್ಟೇ ಅವರು ನೋಡಿದ ಅಮೆರಿಕ. ಮತ್ತೆ ಬರಲೂ ಇಲ್ಲ. ಈಗಲೂ ಫೋನ್ ಮಾಡಿದರೆ, "ಗಾಡಿಯಲ್ಲಿ ದೀಪ ಏನಾದರೂ ಬರ್ತಿದೆಯೇನೋ?" ಅಂತ ಕೇಳುತ್ತಾರೆ. ಆ ಕಾರು ಮಾರಿ ಎಷ್ಟೋ ವರ್ಷ ಆಯಿತು.

ಕೆಟ್ಟಿದ್ದು ಒಂದು ಚಿಕ್ಕ ಪಂಪು. ಬ್ಯಾಟರಿಯ ಕರೆಂಟನ್ನು ಮೋಟರ್‌ಗೆ ಬೇಕಾದ ಹಾಗೆ ಬದಲಿಸುವ ಇನ್ವರ್ಟರ್ ಇದೆಯಲ್ಲ, ಅದನ್ನು ತಣ್ಣಗಿಡುವ ನೀರಿನ ಪಂಪ್. ಆಗಾಗ ನಿಂತುಬಿಡುತ್ತಿತ್ತು. ಬಿಸಿಲು, ಏರು, ಏಸಿ ಮೂರೂ ಸೇರಿದಾಗ ಇನ್ವರ್ಟರ್ ಬಿಸಿಯಾಗುತ್ತಿತ್ತು. ಶೋರೂಮಿನಲ್ಲಿ ನಿಂತ ಕಾರು ತಣ್ಣಗಿರುತ್ತಿತ್ತು, ಹಾಗಾಗಿ ಸಿಗುತ್ತಿರಲಿಲ್ಲ. ಲೈಟ್ ಯಾವಾಗ ಬರುತ್ತದೆ ಅಂತ ನಾನು ಬರೆಸಿದ್ದರೆ ಯಾರಾದರೂ ಒಬ್ಬರು ಅದನ್ನು ಏರಿಗೆ ಓಡಿಸಿ ನೋಡುತ್ತಿದ್ದರು. ವಾರಂಟಿಯಲ್ಲಿ ಪುಕ್ಕಟೆ ಹಾಕಿಕೊಟ್ಟರು. ಅದಾದ ಮೇಲೆ ಕಾರು ವಾಪಸ್ ತೆಗೆದುಕೊಳ್ಳಿ ಅಂತ ಕೇಳಿದೆ. ಐದು ಸಲ ಬಂದಿದ್ದೆ ಅಂದೆ. ಅವರ ಲೆಕ್ಕದಲ್ಲಿ ಎರಡೇ ಸಲ ಬಂದಿದ್ದೆ.

ನಿಮಗೆ ಇನ್ನೂ ಟೈಮ್ ಇದೆ. ವಾರಂಟಿಯಲ್ಲಿ ಎಷ್ಟು ಸಲ ಕೊಟ್ಟರೂ ಸರಿಯಾಗದ ಕಾರನ್ನು ಕಂಪನಿಯೇ ವಾಪಸ್ ತೆಗೆದುಕೊಳ್ಳಬೇಕು ಅಥವಾ ಬದಲಿಸಿಕೊಡಬೇಕು ಅನ್ನುವ ಕಾನೂನಿಗೆ ಲೆಮನ್ ಲಾ ಅನ್ನುತ್ತಾರೆ. ಕ್ಯಾಲಿಫೋರ್ನಿಯಾದ ಲೆಮನ್ ಲಾ ಪ್ರಕಾರ, ಕಾರು ಕೈಗೆ ಬಂದ 18 ತಿಂಗಳು ಅಥವಾ 18,000 ಮೈಲಿ, ಯಾವುದು ಮೊದಲೋ ಅದರೊಳಗೆ, ಒಂದೇ ತೊಂದರೆಗೆ ನಾಲ್ಕು ಸಲ ರಿಪೇರಿಗೆ ಹೋಗಿದ್ದರೆ, ಅಥವಾ ಜೀವಕ್ಕೆ ಅಪಾಯ ಆಗುವಂಥದ್ದಕ್ಕೆ ಎರಡು ಸಲ ಹೋಗಿದ್ದರೆ, ಅಥವಾ ಒಟ್ಟು 30 ದಿನಕ್ಕಿಂತ ಜಾಸ್ತಿ ಕಾರು ಅವರ ಹತ್ತಿರ ಇದ್ದರೆ, ಕಾನೂನು ನಿಮ್ಮ ಕಡೆ ವಾಲುತ್ತದೆ. ಆ ಗಡುವು ದಾಟಿದರೂ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಆದರೆ ಕಷ್ಟ ಜಾಸ್ತಿ. 2025ರಿಂದ ಇದರ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ ಆಗಿದೆ, ಆ ಹಂತ ಬಂದರೆ ವಕೀಲರನ್ನೇ ಕೇಳಿ. ಗೆದ್ದರೆ ವಕೀಲರ ಫೀಸು ಕಂಪನಿಯೇ ಕೊಡಬೇಕು.

ಹಾಗಾಗಿ ನಾಳೆಯೇ ಮೂರು ಸಲದ ಕಾಗದ ಇದೆಯಾ ನೋಡಿ. ರಿಪೇರ್ ಆರ್ಡರ್ ಅನ್ನುತ್ತಾರೆ, ನಮ್ಮ ಜಾಬ್ ಕಾರ್ಡ್ ಇದ್ದ ಹಾಗೆ. ಇಲ್ಲದಿದ್ದರೆ ಹೋಗಿ ಕೇಳಿ. ವಾರಂಟಿ ಕೆಲಸಕ್ಕೂ ಇನ್‌ವಾಯ್ಸ್ ಕೊಡಲೇಬೇಕು ಅಂತ ಈ ರಾಜ್ಯದ ಕಾನೂನಿದೆ, ನೀವು ಉಪಕಾರ ಕೇಳುತ್ತಿಲ್ಲ. ಮುಂದಿನ ಸಲ ಲೈಟ್ ಬಂದ ಕೂಡಲೇ ಪಕ್ಕದಲ್ಲಿ ಕೂತವರ ಕೈಯಲ್ಲಿ ವಿಡಿಯೋ ತೆಗೆಸಿ, ಮೈಲಿ ಓದುವಂತೆ ಕಾಣಬೇಕು. ಒಬ್ಬರೇ ಇದ್ದರೆ ನಿಲ್ಲಿಸಿಯೇ ತೆಗೆಯಿರಿ. ದಿನ, ಹೊತ್ತು, ಎಷ್ಟು ದಿನ ನಿಂತಿತ್ತು, ಏರೋ ಇಳಿಜಾರೋ, ಎಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ಅದೇ ಮಾತನ್ನು ಅವರ ಕಾಗದದಲ್ಲಿ ಬರೆಸಿ, ಸಹಿ ಹಾಕುವ ಮೊದಲು ನಿಂತು ಓದಿ. ಕೋಡ್ ನಂಬರ್ ಬರೆಯದೆ ಅಳಿಸಲು ಬಿಡಬೇಡಿ. ಲೈಟ್ ಬಂದ ಕ್ಷಣದ ವೇಗ, ಬಿಸಿ ಎಲ್ಲ ಕೆಲವು ಕೋಡುಗಳ ಜೊತೆ ಕಂಪ್ಯೂಟರ್‌ನಲ್ಲಿ ಉಳಿದಿರುತ್ತದೆ, ಅಳಿಸಿದರೆ ಅದೂ ಹೋಗುತ್ತದೆ. ಲೈಟ್ ಬೆಳಿಗ್ಗೆ ಬರುವುದಾದರೆ ರಾತ್ರಿ ಅಲ್ಲೇ ಬಿಟ್ಟು ಬನ್ನಿ, ಬೇರೆ ಕಾರು ಕೇಳಿ. ರಸ್ತೆ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಎನ್‌ಎಚ್‌ಟಿಎಸ್‌ಎ ವೆಬ್‌ಸೈಟಿನಲ್ಲಿ ನಿಮ್ಮ ಕಾರಿನ ಗುರುತಿನ ಸಂಖ್ಯೆ, ಅಂದರೆ 17 ಅಕ್ಷರದ ವಿಐಎನ್ ಹಾಕಿ, ಕಂಪನಿಯೇ ಕಾರು ವಾಪಸ್ ಕರೆಸಿ ಸರಿ ಮಾಡಿಕೊಡುವ ರೀಕಾಲ್ ಇದೆಯಾ ನೋಡಿ, ನಿಮ್ಮ ಮಾಡೆಲ್ ಬಗ್ಗೆ ಕಂಪನಿ ಡೀಲರ್‌ಗಳಿಗೆ ಕಳಿಸಿದ ಬುಲೆಟಿನ್‌ಗಳೂ ಅಲ್ಲಿ ಸಿಗುತ್ತವೆ. ಅಂಥದ್ದು ಸಿಕ್ಕರೆ ಪ್ರಿಂಟ್ ತೆಗೆದುಕೊಂಡು ಹೋಗಿ.

ನನ್ನ ಮಗಳು ಈಗ ಡೇವಿಸ್‌ನಲ್ಲಿ ಓದುತ್ತಾಳೆ, ಅವಳ ಕಾರಿನಲ್ಲಿ ಒಂದು ಫೈಲ್ ಇದೆ, ಆಯಿಲ್ ಬದಲಿಸಿದ ಚೀಟಿಯೂ ಅದರಲ್ಲಿ ಇರುತ್ತದೆ. ಅದನ್ನು ನೋಡಿದರೆ ನನಗೆ ಹೆಮ್ಮೆ.

ಯೋಸೆಮಿಟಿಗೆ ಈ ಕಾರು ಬೇಡ. ಅಲ್ಲಿಗೆ ಹೋಗುವ 120 ಹೆದ್ದಾರಿಯಲ್ಲಿ ಪ್ರೀಸ್ಟ್ ಗ್ರೇಡ್ ಅಂತ ಏರು ಇದೆ, ಸುನೋಲ್ ಅದರ ಮುಂದೆ ಏನೂ ಅಲ್ಲ, ಮೇಲೆ ಹೋದರೆ ಎಷ್ಟೋ ಕಡೆ ಫೋನ್ ಸಿಗ್ನಲ್ಲೂ ಇರುವುದಿಲ್ಲ. ಲೈಟ್ ಯಾಕೆ ಬರುತ್ತಿದೆ ಅಂತ ಗೊತ್ತಾಗುವವರೆಗೆ ಬಾಡಿಗೆ ಕಾರು ತೆಗೆದುಕೊಳ್ಳಿ. ದುಡ್ಡು ಜಾಸ್ತಿಯಾಯಿತು ಅನಿಸಬಹುದು, ಅನಿಸಲಿ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಫ್ರೀಮಾಂಟ್‌ಗೆ ಬನ್ನಿ. ಸ್ಕ್ಯಾನರ್ ಇದೆ, ಮಲ್ಟಿಮೀಟರ್ ಇದೆ. ಶುಕ್ರವಾರ ಇಡೀ ಕಾರು ಎಲ್ಲಿಗೂ ತೆಗೆಯಬೇಡಿ. ಕೈಗೆ ಸಿಕ್ಕ ಕಾಗದವೆಲ್ಲ ತನ್ನಿ, ತಿಂಡಿ ನಮ್ಮ ಮನೆಯಲ್ಲೇ.