ಸಂಪಾದಕರ ಉತ್ತರ: ಅಧ್ಯಕ್ಷರ ಕೆಲಸಕ್ಕೆ ಹೋದ ಪತ್ರಕರ್ತರು

"ಅಮೆರಿಕದಲ್ಲಿ ಪತ್ರಕರ್ತರು ಅಧ್ಯಕ್ಷರ ಭಾಷಣ ಬರೆಯಲು, ವಕ್ತಾರರಾಗಲು ಹೋಗುತ್ತಾರೆ. ಆಮೇಲೆ ಮತ್ತೆ ಪತ್ರಿಕೆಗೆ ಬಂದು ಕೂರುತ್ತಾರೆ. ಅವರನ್ನು ನಂಬುವುದು ಹೇಗೆ? ಇದು ಲೇಖನಿ ಮಾರಿಕೊಂಡ ಹಾಗಲ್ವಾ?" ಎಂದು ಕೇಳಿದ್ದೀರಿ. ನಿಮ್ಮ ಸಿಟ್ಟಿಗೆ ಕಾರಣವಿದೆ. ಆದರೆ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ಒಪ್ಪುವುದಿಲ್ಲ.

ಈ ರೂಢಿ ಹಳೆಯದು. ಕೆಂಟಕಿಯಲ್ಲಿ ಪತ್ರಿಕೆ ನಡೆಸುತ್ತಿದ್ದ ಏಮಸ್ ಕೆಂಡಾಲ್, ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಅವರ ಆಪ್ತ ಬಳಗ ಸೇರಿದ್ದರು. 1832ರಲ್ಲಿ ಜಾಕ್ಸನ್ ರಾಷ್ಟ್ರೀಯ ಬ್ಯಾಂಕಿನ ಪರವಾನಗಿ ಮುಂದುವರಿಸುವ ಮಸೂದೆಯನ್ನು ತಳ್ಳಿಹಾಕಿ ಕಳಿಸಿದ ಸಂದೇಶದ ಕರಡಿನಲ್ಲಿ ಅವರದೇ ದೊಡ್ಡ ಪಾಲು. ಆಗ ಪತ್ರಿಕೆಗಳು ಯಾವ ಪಕ್ಷದವು ಅನ್ನೋದು ಊರಿಗೆಲ್ಲ ಗೊತ್ತಿರುತ್ತಿತ್ತು. ಓದುಗರಿಗೆ ಮೋಸವಿರಲಿಲ್ಲ.

ನನಗೆ ನಿಜಕ್ಕೂ ಬೇಸರ ತರಿಸುವುದು ಜಾರ್ಜ್ ವಿಲ್ ಪ್ರಸಂಗ. 1980ರ ಚುನಾವಣೆಯಲ್ಲಿ ಅಧ್ಯಕ್ಷ ಕಾರ್ಟರ್ ಜೊತೆಗಿನ ಚರ್ಚೆಗೆ ಅವರ ಎದುರಾಳಿ ರೇಗನ್ ತಯಾರಾಗುತ್ತಿದ್ದಾಗ, ಅಂಕಣಕಾರರಾಗಿದ್ದ ವಿಲ್ ಆ ತಾಲೀಮಿಗೆ ಹೋಗಿ ನೆರವಾದರು. ಚರ್ಚೆ ಮುಗಿದ ಮೇಲೆ ಟಿವಿಯಲ್ಲಿ ಕೂತು ರೇಗನ್ ಅವರನ್ನು ಹೊಗಳಿದರು. ತಾವೇ ತಯಾರಿಗೆ ಕೈಹಾಕಿದ್ದನ್ನು ನೋಡುಗರಿಗೆ ಹೇಳಲಿಲ್ಲ. ಅದು ದೊಡ್ಡ ಸುದ್ದಿಯಾಗಿದ್ದು 1983ರಲ್ಲಿ. ಅವರು ಸರ್ಕಾರದ ಸಂಬಳ ತಗೊಂಡಿರಲಿಲ್ಲ, ನಿಜ. ಆದರೂ ಸಂಬಳ ಪಡೆದು ರಾಜಾರೋಷವಾಗಿ ಭಾಷಣ ಬರೆದವರಿಗಿಂತ ಇದು ಜಾಸ್ತಿ ತಪ್ಪು ಅಂತಲೇ ನನ್ನ ಅಭಿಪ್ರಾಯ.

ಇನ್ನು ಜೆರಾಲ್ಡ್ ಟೆರ್‌ಹಾರ್ಸ್ಟ್ ಅವರನ್ನು ನೋಡಿ. 'ಡೆಟ್ರಾಯಿಟ್ ನ್ಯೂಸ್' ಪತ್ರಿಕೆಯ ವಾಷಿಂಗ್ಟನ್ ಕಚೇರಿಯ ಮುಖ್ಯಸ್ಥರು. ಜೆರಾಲ್ಡ್ ಫೋರ್ಡ್ 1948ರಲ್ಲಿ ಮೊದಲ ಚುನಾವಣೆಗೆ ನಿಂತಾಗಲೇ ವರದಿ ಮಾಡಿದ್ದವರು, ಗೆಳೆಯರು ಕೂಡ. 1974ರ ಆಗಸ್ಟ್‌ನಲ್ಲಿ ವಾಟರ್‌ಗೇಟ್ ಹಗರಣದಲ್ಲಿ ಸಿಕ್ಕಿಬಿದ್ದ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟು ಫೋರ್ಡ್ ಅಧ್ಯಕ್ಷರಾದಾಗ ಇವರು ಪತ್ರಿಕಾ ಕಾರ್ಯದರ್ಶಿ, ಅಂದರೆ ವಕ್ತಾರರಾದರು. ನಿಕ್ಸನ್‌ಗೆ ಕ್ಷಮಾದಾನ ಸಿಗುತ್ತದಾ ಎಂದು ವರದಿಗಾರರು ಕೇಳುತ್ತಲೇ ಇದ್ದರು. ಒಳಗಿನವರು ಇವರಿಗೂ ನಿಜ ಹೇಳಿರಲಿಲ್ಲ. ಅವರ ಮಾತು ನಂಬಿ ಇವರು ವರದಿಗಾರರಿಗೆ ತಪ್ಪು ಉತ್ತರ ಕೊಟ್ಟರು.

ಸೆಪ್ಟೆಂಬರ್ 8, ಭಾನುವಾರ. ಫೋರ್ಡ್ ಬೆಳಿಗ್ಗೆ ಚರ್ಚ್‌ಗೆ ಹೋಗಿ ಬಂದರು. ನಿಕ್ಸನ್‌ಗೆ ಪೂರ್ತಿ ಕ್ಷಮಾದಾನ ಘೋಷಿಸಿದರು. ಅದಕ್ಕೆ ಮೊದಲೇ ಟೆರ್‌ಹಾರ್ಸ್ಟ್ ರಾಜೀನಾಮೆ ಪತ್ರ ಕೊಟ್ಟಾಗಿತ್ತು. ಮನಸ್ಸಾಕ್ಷಿಗೆ ವಿರೋಧವಾಗಿ ವಿಯೆಟ್ನಾಂ ಯುದ್ಧಕ್ಕೆ ಹೋಗದ ಹುಡುಗರಿಗೆ ಇಂಥ ಕ್ಷಮೆ ಇಲ್ಲ. ನಿಕ್ಸನ್ ಕೈಕೆಳಗೆ ಕೆಲಸ ಮಾಡಿ ಆರೋಪ ಹೊತ್ತವರಿಗೂ ಇಲ್ಲ. ಹಾಗಿರುವಾಗ ಈ ತೀರ್ಮಾನವನ್ನು ಸಮರ್ಥಿಸಲಾರೆ ಎಂಬುದು ಆ ಪತ್ರದ ಸಾರ. ಹುದ್ದೆಗೆ ಬಂದು ಬರೀ ಒಂದು ತಿಂಗಳಾಗಿತ್ತು. ಎದುರಿಗಿದ್ದದ್ದು ಕಾಲು ಶತಮಾನದ ಗೆಳೆತನ. ಇದು ಸುಮ್ನೆ ಆಗುವ ಕೆಲಸವೇ?

ಆಮೇಲೆ ಅವರು 'ಡೆಟ್ರಾಯಿಟ್ ನ್ಯೂಸ್'ಗೇ ಮರಳಿ ಅಂಕಣ ಬರೆದರು. ಅಂಥವರನ್ನು ನಂಬುವುದು ಹೇಗೆ ಎಂದು ನೀವು ಕೇಳುತ್ತೀರಿ. ನಾನಾದರೆ ಅವರ ಅಂಕಣವನ್ನು ಮೊದಲಿಗಿಂತ ಜಾಸ್ತಿ ನಂಬಿಕೆಯಿಂದ ಓದುತ್ತಿದ್ದೆ.

— ಸಂ.