ರಕ್ತಪರೀಕ್ಷೆ ಸುಳ್ಳು ಹೇಳಿಲ್ಲ

ಮಾನ್ಯ ಲೇಖಕಿಯವರಿಗೆ ಶಿರಸಿಯಿಂದ ನಮಸ್ಕಾರಗಳು.

ನಮ್ಮ ಆರೋಗ್ಯ ಪುಟಕ್ಕೆ ನೀವು ಕಳುಹಿಸಿದ ‘ಸುಳ್ಳು ಹೇಳಿದ ರಕ್ತಪರೀಕ್ಷೆ’ಯನ್ನು ಎರಡು ಸಲ ಓದಿದೆ. ಬೆಕರ್ ಸ್ನಾಯುಕ್ಷಯವಿರುವ ನಿಮ್ಮ ತಮ್ಮನಿಗೆ ಒಂದು ರಾತ್ರಿ ಎದೆನೋವು ಬಂದದ್ದು, ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಟ್ರೊಪೊನಿನ್ ಟಿ ಎಂಬ ಪ್ರೋಟೀನ್ ಲೀಟರಿಗೆ 86 ನ್ಯಾನೋಗ್ರಾಂ ಬಂತೆಂದು ಹೃದಯಾಘಾತವೆಂದೇ ತೀರ್ಮಾನಿಸಿ ಮಂಗಳೂರಿಗೆ ಕಳುಹಿಸಿದ್ದು, ಅಲ್ಲಿ ಅದು ಹೃದಯಾಘಾತವಲ್ಲವೆಂದು ತಿಳಿದದ್ದು ಅದರ ವಸ್ತು. ದೇವಿಮನೆ ಘಟ್ಟ ಇಳಿಯುವಾಗ ನಿಮ್ಮ ಅಮ್ಮ ರಿಪೋರ್ಟಿನ ಫೈಲನ್ನು ಸೆರಗಿನಡಿ ಹಿಡಿದುಕೊಂಡು, ತಿರುವು ಬಂದಾಗಲೆಲ್ಲ ಮಗನ ಎದೆಯ ಮೇಲೆ ಕೈಯಿಟ್ಟು ನೋಡುತ್ತಿದ್ದ ಸಾಲುಗಳಲ್ಲಿ ಒಂದಕ್ಷರವನ್ನೂ ನಾನು ಮುಟ್ಟುವುದಿಲ್ಲ. ಆದರೆ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ.

ಮೊದಲ ತಕರಾರು ಶೀರ್ಷಿಕೆಯ ಬಗ್ಗೆಯೇ. ಯಂತ್ರ ಅಳೆದದ್ದು ರಕ್ತದಲ್ಲಿ ನಿಜವಾಗಿಯೂ ಇದ್ದ ಪ್ರೋಟೀನನ್ನು. ತಪ್ಪಿದ್ದು ಅದು ಎಲ್ಲಿಂದ ಬಂತೆಂಬ ಊಹೆ. ಗರ್ಭದಲ್ಲಿರುವಾಗ ಕೈಕಾಲುಗಳ ಸ್ನಾಯುವಿನಲ್ಲೂ ಹೃದಯದ ಮಾದರಿಯ ಟ್ರೊಪೊನಿನ್ ಟಿ ಇರುತ್ತದೆ, ಬೆಳೆದಂತೆ ಅದು ಮರೆಯಾಗುತ್ತದೆ. ರೋಗದಿಂದ ಸವೆದ ಸ್ನಾಯು ತನ್ನನ್ನು ತಾನು ಮತ್ತೆ ಕಟ್ಟಿಕೊಳ್ಳಲು ಹೊರಟಾಗ ಅದೇ ಹಳೆಯ ಮಾದರಿ ಮರಳಿ ಕಾಣಿಸಿಕೊಳ್ಳಬಲ್ಲದು. ಹಾಗಾಗಿ ಇಂಥವರಲ್ಲಿ 14 ನ್ಯಾನೋಗ್ರಾಂ ಎಂಬ ಸಾಮಾನ್ಯ ಮಿತಿಯನ್ನು ದಾಟಿದ ಅಂಕಿಯೊಂದೇ ಹೃದಯಾಘಾತಕ್ಕೆ ಸಾಕ್ಷಿಯಾಗದು. ಹೃದಯಾಘಾತ ಗುರುತಿಸಲು ರಕ್ತದಲ್ಲಿ ಅಳೆಯುವ ಇನ್ನೊಂದು ಕಿಣ್ವವಾದ ಸಿಕೆ-ಎಂಬಿ ಹೃದಯಕ್ಕೇ ಮೀಸಲೆಂದು ನೀವು ಬರೆದಿರುವುದೂ ಸರಿಯಲ್ಲ. ಚೇತರಿಸಿಕೊಳ್ಳುತ್ತಿರುವ ಸ್ನಾಯುವಿನಿಂದಲೂ ಅದು ಬರುತ್ತದೆ.

ನಿಮ್ಮ ಲೇಖನದ ಜೀವಾಳ ಐದನೆಯ ಪುಟದ ಮೂಲೆಯಲ್ಲಿ ಅಡಗಿ ಕುಳಿತಿದೆ. ಮೂರು ಗಂಟೆಗಳ ನಂತರದ ಎರಡನೆಯ ಪರೀಕ್ಷೆಯಲ್ಲಿ 86 ಇದ್ದದ್ದು 88 ಆಯಿತು, ಹೃದಯದ ಸ್ನಾಯುವಿನ ಇನ್ನೊಂದು ಪ್ರೋಟೀನಾದ ಟ್ರೊಪೊನಿನ್ ಐ ಮಿತಿಯೊಳಗೇ ಇತ್ತು, ಇಸಿಜಿಯಲ್ಲಿ ಹೊಸ ಬದಲಾವಣೆ ಇರಲಿಲ್ಲ. ಹೃದಯಾಘಾತವಾದಾಗ ಅಂಕಿ ಗಂಟೆಗಳ ಅಂತರದಲ್ಲಿ ಎದ್ದುಕಾಣುವಂತೆ ಏರುತ್ತದೆ, ಆಮೇಲೆ ಇಳಿಯುತ್ತದೆ. ಸ್ನಾಯುರೋಗದ ಏರಿಕೆ ಸಾಮಾನ್ಯವಾಗಿ ಇದ್ದಲ್ಲೇ ಇರುತ್ತದೆ. ಟ್ರೊಪೊನಿನ್ ಐ ಸ್ನಾಯುರೋಗದಿಂದ ಹೀಗೆ ಏರುವುದು ಬಹಳ ಕಡಿಮೆ. ಈ ಮೂರು ಸಂಗತಿಗಳನ್ನು ಮುಂದಕ್ಕೆ ತಂದು ಬಿಡಿಸಿ ಬರೆಯಿರಿ. ಆಸ್ಪತ್ರೆಯ ಕ್ಯಾಂಟೀನಿನ ಒಂದೂವರೆ ಪುಟ ಬೇಡ.

‘ಸ್ನಾಯುರೋಗಿಗಳು ಈ ಅಂಕಿಗೆ ಹೆದರಬೇಕಾಗಿಲ್ಲ’ ಎಂಬ ಕೊನೆಯ ವಾಕ್ಯವನ್ನು ಓದಿದಾಗ ಮಾತ್ರ ನನಗೆ ನಿಜಕ್ಕೂ ಭಯವಾಯಿತು. ಬೆಕರ್ ರೋಗದಲ್ಲಿ ಕೊರತೆಯಾಗುವ ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ಹೃದಯದ ಸ್ನಾಯುವಿಗೂ ಬೇಕು. ಕಾಲು ಇನ್ನೂ ಗಟ್ಟಿಯಿರುವಾಗಲೇ ಹೃದಯ ಸೋತ ಉದಾಹರಣೆಗಳಿವೆ, ಎಕೋ ಎಂಬ ಹೃದಯದ ಸ್ಕ್ಯಾನಿನಲ್ಲಿ ಸರಿಯಾಗಿ ಕಂಡ ಹೃದಯದಲ್ಲಿ ಎಂಆರ್‌ಐ ಗಾಯದ ಕಲೆಗಳನ್ನು ತೋರಿಸುವುದೂ ಉಂಟು. ಅಂಕೋಲಾದಲ್ಲೋ ಹೊನ್ನಾವರದಲ್ಲೋ ಇಂಥ ಒಬ್ಬ ಹುಡುಗ ನಿಮ್ಮ ಮಾತನ್ನು ನಂಬಿ ಎದೆನೋವಿನಲ್ಲಿ ಮನೆಯಲ್ಲೇ ಉಳಿದರೆ, ದೊಡ್ಡ ಆಸ್ಪತ್ರೆಗೆ ಗಂಟೆಗಟ್ಟಲೆ ದಾರಿಯಿರುವ ನಮ್ಮ ಜಿಲ್ಲೆಯಲ್ಲಿ ಕಳೆದ ಹೊತ್ತು ಮರಳಿ ಸಿಗುವುದಿಲ್ಲ. ಆ ವಾಕ್ಯವನ್ನು ಪೂರ್ತಿ ತೆಗೆಯಿರಿ. ಎದೆನೋವು ಬಂದರೆ ಕೂಡಲೇ ಹೋಗಬೇಕೆಂದೂ, ಸ್ನಾಯುರೋಗವಿದೆಯೆಂದು ಮೊದಲೇ ಹೇಳಿ ಹಳೆಯ ಟ್ರೊಪೊನಿನ್ ರಿಪೋರ್ಟನ್ನು ತೋರಿಸಬೇಕೆಂದೂ ಬರೆಯಿರಿ.

ತಿದ್ದಿದ ಪ್ರತಿಯನ್ನು ಸ್ನಾಯುರೋಗ ನೋಡುವ ವೈದ್ಯರೊಬ್ಬರಿಂದ ಓದಿಸಿದ ಮೇಲೆಯೇ ಅಚ್ಚಿಗೆ ಕಳುಹಿಸುತ್ತೇನೆ. ಪ್ರಕಟಣೆಗೆ ನಿಮ್ಮ ತಮ್ಮನ ಒಪ್ಪಿಗೆಯ ಪತ್ರವೂ ಜೊತೆಗಿರಲಿ. ಅವನ ಹೃದಯದ ತಪಾಸಣೆ ನಿಯಮಿತವಾಗಿ ನಡೆಯುತ್ತಿದೆಯೇ ಎಂಬುದನ್ನು ನೀವು ಎಲ್ಲಿಯೂ ಹೇಳಿಲ್ಲ. ಲೇಖನಕ್ಕೆ ಬೇಡವಾದರೂ ನನಗೆ ಬರೆದು ತಿಳಿಸಿ.